ಎರಡನೇ ಸ್ಲಿಪ್‌ನವನ ಮಾತು

ಬ್ಯಾಲಿಮೋರನ್
೧೨ ಮಾರ್ಚ್ ೨೦೧೭

ಫಿಂಟನ್,

ಲಕೋಟೆಯ ಮೇಲಿನ ಕೈಬರಹ ನೋಡಿದ ಕೂಡಲೇ ಯಾರದೆಂದು ನಿನಗೆ ಗೊತ್ತಾಗಿರುತ್ತದೆ. ಹೌದು, ನಾನೇ, ಮ್ಯಾಲಕಿ ಸೀವರ್. ಇಪ್ಪತ್ತೊಂಬತ್ತು ವರ್ಷದ ಮೇಲೆ ಬರೆಯುತ್ತಿದ್ದೇನೆ. ಯಾರೂ ಸತ್ತಿಲ್ಲ, ಗಾಬರಿಯಾಗಬೇಡ.

ಬರುವ ಆಗಸ್ಟ್‌ಗೆ ನಮ್ಮ ಕ್ಲಬ್ಬಿಗೆ ನೂರ ಇಪ್ಪತ್ತೈದು ವರ್ಷ ತುಂಬುತ್ತದೆ. ಈ ಊರಿನಿಂದ ಐರ್ಲೆಂಡ್ ತಂಡಕ್ಕೆ ಆಡಿದವನು ಒಬ್ಬನೇ ಒಬ್ಬ, ಅವನ ಫೋಟೋ ಪೆವಿಲಿಯನ್ ಗೋಡೆಯ ಮೇಲೆ ಇರಬೇಕು ಅಂತ ಕಮಿಟಿಯವರು ತೀರ್ಮಾನಿಸಿದ್ದಾರೆ. ಮೈದಾನ ನೋಡಿಕೊಳ್ಳುವವನು ನಾನು. ಏಣಿ ನನ್ನದು, ಸುತ್ತಿಗೆ ನನ್ನದು, ಬೀಗದ ಕೈಯೂ ನನ್ನ ಹತ್ತಿರ. ಮೀಟಿಂಗ್‌ನಲ್ಲಿ ಬರ್ನಿ ಗ್ರೈಮ್ಸ್ ಯೋಚನೆ ಮಾಡದೆ ಬಾಯಿಬಿಟ್ಟ: "ಮ್ಯಾಲಕಿ, ಫಿಂಟನ್ ಫೋಟೋಗೆ ಮೊಳೆ ನೀನೇ ಹೊಡ್ದುಬಿಡು." ಆಮೇಲೆ ಎಲ್ಲರೂ ತಂತಮ್ಮ ಟೀ ಲೋಟದೊಳಗೆ ಏನೋ ಬಿದ್ದಿದೆ ಅನ್ನುವ ಹಾಗೆ ಬಗ್ಗಿ ನೋಡಿದರು.

ಹೊಡೆಯುತ್ತೇನೆ ಅಂದೆ. ಮೊಳೆ ಹೊಡೆಯಲು ನನಗೇನೂ ಕಷ್ಟವಿಲ್ಲ. ಆದರೆ ಅದಕ್ಕೂ ಮುಂಚೆ ಒಂದು ಮಾತು ಕೇಳಬೇಕು. ಎಂಬತ್ತೆಂಟರ ಜೂನ್, ಐರ್ಲೆಂಡ್ ತಂಡದ ಆಯ್ಕೆ ಪಂದ್ಯ. ಆಯ್ಕೆಗಾರರು ನಿನ್ನನ್ನೂ ನನ್ನನ್ನೂ ಬೇರೆ ಬೇರೆ ತಂಡಕ್ಕೆ ಹಾಕಿದ್ದ ಒಂದೇ ಒಂದು ದಿನ. ನಾನು ನಲವತ್ತೊಂದು ರನ್ ಹೊಡೆದಿದ್ದೆ. ಅಂಚು ತಾಗಿದ ಚೆಂಡು ತೀರಾ ಕೆಳಗೆ ಹೋಯಿತು. ಎರಡನೇ ಸ್ಲಿಪ್‌ನಲ್ಲಿ ನೀನು. ಅಂಪೈರ್‌ಗೆ ಕಾಣಲಿಲ್ಲ. ಆಗಿನ ಪದ್ಧತಿಯಂತೆ ತಿರುಗಿ ಕೇಳಿದೆ: "ಹಿಡಿದ್ಯಾ, ಫಿಂಟ್?" ನೀನು "ಹಿಡ್ದೆ" ಅಂದೆ. ನಾನು ಬ್ಯಾಟ್ ಕಂಕುಳಲ್ಲಿಟ್ಟುಕೊಂಡು ನಡೆದೆ.

ನಿಜ ಹೇಳು. ಚೆಂಡು ನೆಲ ಮುಟ್ಟಿತ್ತೋ ಇಲ್ಲವೋ?

ಫೋನ್ ಮಾಡಬೇಡ. ಫೋನಿನಲ್ಲಿ ನೀನು ಮಾತಾಡಿ ಗೆದ್ದುಬಿಡುತ್ತೀಯ. ಕಾಗದದಲ್ಲಿ ಬರಿ.

ಮ್ಯಾಲಕಿ

*

ಡ್ರಮ್‌ಕಾಂಡ್ರ, ಡಬ್ಲಿನ್
೨೭ ಮಾರ್ಚ್ ೨೦೧೭

ಪ್ರೀತಿಯ ಮ್ಯಾಲಕಿ,

ಮಾರಾಯ, ನಿನ್ನ ಕಾಗದ ನೋಡಿ ಅಡುಗೆಮನೆಯಲ್ಲೇ ಕುಣಿದುಬಿಟ್ಟೆ! ಐವತ್ಮೂರು ವರ್ಷದ, ಒಂದು ಮಂಡಿ ಹೋದ ಗಂಡಸು ಕುಣಿಯುವುದು ನೋಡುವಂಥದ್ದಲ್ಲ, ಆದರೂ ಕುಣಿದೆ. ಫೋಟೋ ಹಾಕುವುದಾದರೆ ನನ್ನ ಎಡಗಡೆ ಮುಖ ಕಾಣುವಂಥದ್ದು ಹಾಕಿ. ಬಲಗಡೆಯದರಲ್ಲಿ ಕಿವಿ ದೊಡ್ಡದಾಗಿ ಬರುತ್ತದೆ.

ನನ್ನ ಸುದ್ದಿ ನಿನಗೆ ಎಷ್ಟು ಗೊತ್ತಿದೆಯೋ ಏನೋ. ತೊಂಬತ್ನಾಲ್ಕರಲ್ಲಿ ಮಂಡಿ ಕೈಕೊಟ್ಟಿತು. ಹನ್ನೊಂದು ಸಲ ದೇಶಕ್ಕಾಗಿ ಆಡಿದವನು ಕುದುರೆ ರೇಸಿನಲ್ಲಿ ಟೀವಿಯವರ ಕೇಬಲ್ ಹೊರುವ ಕೂಲಿಗೆ ಸೇರಿದೆ. ಒಂದು ಭಾನುವಾರ ಹರ್ಲಿಂಗ್ ಪಂದ್ಯದಲ್ಲಿ ಕ್ಯಾಮೆರಾದವನ ಸೊಂಟ ಹಿಡಿದುಕೊಂಡಿತು. "ಏ ಉದ್ದ, ಇದನ್ನ ಹಿಡ್ಕೊ, ಚೆಂಡು ಎಲ್ಲಿಗೆ ಹೋಗುತ್ತೋ ಅಲ್ಲಿಗೆ ತಿರುಗ್ಸು" ಅಂದರು. ಹರ್ಲಿಂಗ್ ಚೆಂಡು ಅಂದರೆ ನಿನಗೆ ಗೊತ್ತಲ್ಲ, ಕೋಲು ಬೀಸಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಮೈದಾನದ ಆ ತುದಿಯಲ್ಲಿರುತ್ತದೆ. ಒಂದು ಚೆಂಡನ್ನೂ ಬಿಡಲಿಲ್ಲ ನಾನು. ಅವತ್ತಿನಿಂದ ಕೇಬಲ್ ಮುಟ್ಟಿಲ್ಲ.

ಈಗ ಕ್ರಿಕೆಟ್ ಪಂದ್ಯ ಎಲ್ಲಿದ್ದರೂ ನಾಲ್ಕನೇ ಕ್ಯಾಮೆರಾ ನನ್ನದೇ. ಜಂಬ ಅಂದುಕೋ, ಪರವಾಗಿಲ್ಲ: ಚೆಂಡು ಬ್ಯಾಟ್ ಬಿಡುವ ಮುಂಚೆಯೇ ನನ್ನ ಕ್ಯಾಮೆರಾ ಹೊರಟಿರುತ್ತದೆ. ಉಳಿದವರು ಚೆಂಡನ್ನು ಹುಡುಕಿಕೊಂಡು ಹೋಗುತ್ತಾರೆ, ನಾನು ಮೊದಲೇ ಹೋಗಿ ಕಾಯುತ್ತಿರುತ್ತೇನೆ. ಹೇಗೆ ಅಂತ ಹೊಸಬರು ಕೇಳಿದರೆ, ಹೊಡೆಯುವವನ ಭುಜ ನೋಡ್ರೋ ಅನ್ನುತ್ತೇನೆ. ಅದನ್ನು ಹೇಳಿಕೊಟ್ಟವನು ನೀನು, ನಿಮ್ಮಪ್ಪನ ಕೋಸುಗಡ್ಡೆ ಹೊಲದ ಬದುವಿನಲ್ಲಿ ನಿಂತು. ನಿನ್ನ ಹೆಸರು ಮಾತ್ರ ಯಾರಿಗೂ ಹೇಳಿಲ್ಲ, ಕ್ಷಮಿಸು.

ಈಗ ನಿನ್ನ ಪ್ರಶ್ನೆ. ಹಿಡಿದೆ. ಬೆರಳು ಚೆಂಡಿನ ಕೆಳಗಿತ್ತು. ಅವತ್ತೂ ಅದನ್ನೇ ಹೇಳಿದೆ, ಇವತ್ತೂ ಅದನ್ನೇ ಹೇಳುತ್ತೇನೆ. ಧೈರ್ಯವಾಗಿ ಮೊಳೆ ಹೊಡಿ.

ನಿನ್ನ ಡಿಂಪ್ನಾಗೆ ನನ್ನ ನೆನಪು ಹೇಳು. ಆ ಮೊಟ್ಟೆ-ಈರುಳ್ಳಿ ಸ್ಯಾಂಡ್‌ವಿಚ್ ಈಗಲೂ ಮಾಡುತ್ತಾಳಾ?

ನಿನ್ನ
ಫಿಂಟನ್ ಡರ್ಹಮ್

*

ಬ್ಯಾಲಿಮೋರನ್
೨೦ ಏಪ್ರಿಲ್ ೨೦೧೭

ಫಿಂಟನ್,

ಉತ್ತರ ಬಂತು. ಮೊಳೆ ಹೊಡೆದಿದ್ದೇನೆ. ನಿನ್ನ ಫೋಟೋ ಕೆಟಲ್ ಇಡುವ ಕಪಾಟಿನ ಮೇಲೆ ಇದೆ, ಟೀಗೆ ಬಂದವರೆಲ್ಲ ನೋಡಲೇಬೇಕು. ಎಡಗಡೆಯದೇ.

ಫೀಲ್ಡರ್ ಹೇಳಿದ ಮೇಲೆ ಮುಗಿಯಿತು. ನಮ್ಮ ಕಾಲದಲ್ಲಿ ಕ್ಯಾಮೆರಾ ಇರಲಿಲ್ಲ, ಹಿಡಿದವನ ಮಾತೇ ಕೊನೆಯ ಮಾತಾಗಿತ್ತು. ಅವತ್ತು ನಿನ್ನ ಮಾತು ನಂಬಿ ನಡೆದೆ. ಈಗ ಎರಡನೇ ಸಲ ನಂಬುತ್ತಿದ್ದೇನೆ. ಇನ್ನು ಈ ವಿಷಯಕ್ಕೆ ಬರೆಯುವುದಿಲ್ಲ.

ಡಿಂಪ್ನಾ ಚೆನ್ನಾಗಿದ್ದಾಳೆ. ಸ್ಯಾಂಡ್‌ವಿಚ್ ಮಾಡುತ್ತಾಳೆ, ಸ್ಕೋರನ್ನೂ ಅವಳೇ ಬರೆಯುತ್ತಾಳೆ. ಮೊದಲ ಬೆಳೆಯ ಆಲೂಗಡ್ಡೆ ಈ ವರ್ಷ ತಡ. ಸಮುದ್ರದ ಕಡೆಯ ಗಾಳಿ ನಿಲ್ಲುತ್ತಲೇ ಇಲ್ಲ.

ಮ್ಯಾಲಕಿ

*

ಡ್ರಮ್‌ಕಾಂಡ್ರ
೨೮ ಮೇ ೨೦೧೭

ಪ್ರೀತಿಯ ಮ್ಯಾಲಕಿ,

ನೀನು ಬರೆಯುವುದಿಲ್ಲ ಅಂದರೆ ನಾನೂ ಬರೆಯಬಾರದು ಅಂತೇನಿಲ್ಲವಲ್ಲ. ಆಲೂಗಡ್ಡೆ ಬಂತಾ?

ಮೊನ್ನೆ ಕೆಲಸದಲ್ಲಿ ಒಂದು ಸಂಗತಿ ನಡೆಯಿತು. ಪಾಯಿಂಟ್‌ನಲ್ಲಿ ನಿಂತವನೊಬ್ಬ ಮುಂದಕ್ಕೆ ಹಾರಿ ಕೆಳಗೆ ಕ್ಯಾಚ್ ಹಿಡಿದ. ಮೂವತ್ತರ ಆಸುಪಾಸಿನವನು, ಮದುವೆಯಾಗಿ ಮಕ್ಕಳಿರುವವನು, ಒಳ್ಳೆಯ ಮನುಷ್ಯ. "ನನ್ನ ಕೈಯಲ್ಲೇ ಬಿತ್ತು, ದೇವರಾಣೆ" ಅಂದ. ಟೀವಿ ಅಂಪೈರ್ ನೋಡಿದ್ದು ನನ್ನ ಕ್ಯಾಮೆರಾದ ಚಿತ್ರ. ನಿಧಾನವಾಗಿ ಬಿಟ್ಟು ನೋಡಿದರೆ ಬೆರಳುಗಳ ನಡುವೆ ಹುಲ್ಲು, ಹುಲ್ಲಿನ ಮೇಲೆ ಚೆಂಡು. ನಾಟೌಟ್. ಜನ ಕೂಗಿ ಮೋಸಗಾರ ಅಂದರು.

ಆಟ ಮುಗಿದ ಮೇಲೆ ಅವನು ನನ್ನ ಕ್ಯಾಮೆರಾ ಅಟ್ಟಣಿಗೆಯ ಹತ್ತಿರ ಬಂದ. "ಸುಳ್ಳು ಹೇಳ್ಲಿಲ್ಲ ಕಣಣ್ಣ, ನಂಗೆ ನಿಜವಾಗ್ಲೂ ಬೆರಳು ಅಂತ್ಲೇ ಅನ್ನಿಸ್ತು" ಅಂದ. ನಾನು ನಂಬಿದೆ. ಇಪ್ಪತ್ತು ವರ್ಷದಲ್ಲಿ ಇಂಥವು ಸಾವಿರ ನೋಡಿದ್ದೇನೆ, ಮ್ಯಾಲಕಿ. ಚೆಂಡು ಬಡಿಯುವ ಆ ಗಳಿಗೆಯಲ್ಲಿ ಕೈಗೆ ಗಟ್ಟಿಯಾದದ್ದೇನೋ ತಾಗುತ್ತದೆ, ಅದು ಚೆಂಡೋ ನೆಲವೋ ಅಂತ ಬೆರಳಿಗೆ ಗೊತ್ತಾಗುವುದಿಲ್ಲ.

ಯಾಕೆ ಇದನ್ನೆಲ್ಲ ಬರೆಯುತ್ತಿದ್ದೇನೋ. ಕೆಲಸದ ಸುದ್ದಿ, ಅಷ್ಟೇ.

ಒಂದು ಸಾಲು ಬರಿ. ಆಲೂಗಡ್ಡೆಯ ವಿಷಯವೇ ಆದರೂ ಸರಿ.

ಫಿಂಟನ್

*

ಡ್ರಮ್‌ಕಾಂಡ್ರ
೧೦ ಜುಲೈ ೨೦೧೭

ಮ್ಯಾಲಕಿ,

ಆರು ವಾರ ಕಾದೆ. ನಿನ್ನ ಹಟ ನಿನಗೆ, ನನ್ನ ಬಾಯಿ ನನಗೆ. ನಿನ್ನೆಯ ಪಂದ್ಯ ಟೀವಿಯಲ್ಲಿ ನೋಡಿದ್ದರೆ ಈ ಕಾಗದ ಓದಬೇಕಾಗಿಯೇ ಇಲ್ಲ. ನೋಡಿಲ್ಲದಿದ್ದರೆ ಕೂತುಕೊಂಡು ಓದು.

ನಲವತ್ತಮೂರನೇ ಓವರ್. ಪ್ರವಾಸಿ ತಂಡದ ಎಡಗೈ ಆಟಗಾರ ಮಂಡಿಯೂರಿ ಎತ್ತಿ ಹೊಡೆದ. ನಾನು ಅವನ ಭುಜ ನೋಡಿದವನೇ ಹೊರಟಿದ್ದೆ, ಚಿತ್ರ ಬೆಣ್ಣೆಯ ಹಾಗೆ ಬರುತ್ತಿತ್ತು. ಚೆಂಡು ದೊಡ್ಡದಾಯಿತು, ಇನ್ನೂ ದೊಡ್ಡದಾಯಿತು. ಆಗ ಹೊಳೆಯಿತು, ಇದು ಬರುತ್ತಿರುವುದು ನನ್ನ ಕಡೆಗೇ. ಬೇರೆ ಯಾವ ಕ್ಯಾಮೆರಾದವನಾದರೂ ಏನು ಮಾಡುತ್ತಿದ್ದ? ಕ್ಯಾಮೆರಾ ಹಿಡಿದುಕೊಂಡೇ ತಲೆ ತಗ್ಗಿಸುತ್ತಿದ್ದ. ನಾನು ಕ್ಯಾಮೆರಾ ಬಿಟ್ಟುಬಿಟ್ಟೆ! ಎರಡೂ ಕೈ ಬಿಟ್ಟು, ಒಂದು ಹೆಜ್ಜೆ ಮುಂದಿಟ್ಟು, ಅಟ್ಟಣಿಗೆಯ ಕಂಬಿಯಾಚೆ ಬಾಗಿ, ಸೊಂಟದ ಕೆಳಗೆ ಹಿಡಿದೆ. ಮೈದಾನಕ್ಕೆ ಮೈದಾನವೇ ಎದ್ದು ನಿಂತಿತು, ಮಾರಾಯ.

ಅಷ್ಟರಲ್ಲಿ ಕ್ಯಾಮೆರಾ ಹಿಂದಕ್ಕೆ ಮಗುಚಿ ಆಕಾಶ ನೋಡುತ್ತಿತ್ತು. ದೇಶದ ಜನ ಹತ್ತು ಸೆಕೆಂಡ್ ಒಂದು ಮೋಡವನ್ನೂ ಒಂದು ಕಡಲಹಕ್ಕಿಯನ್ನೂ ನೋಡಿದರು. ಕಿವಿಯಲ್ಲಿ ನಮ್ಮ ನಿರ್ದೇಶಕಿ ಸೈವ್ ಕಿರುಚುತ್ತಿದ್ದಳು.

"ಫಿಂಟನ್! ಆಕಾಶ ಯಾಕೆ ತೋರಿಸ್ತಿದ್ದೀಯ? ಬದುಕಿದ್ದೀಯಾ?"

"ಬದುಕಿದ್ದೀನಮ್ಮ. ಕ್ಯಾಚ್ ಹಿಡ್ದೆ."

"ನಿನ್ನ ತಂಡ ಯಾವ್ದಯ್ಯಾ?"

ಚೆಂಡನ್ನು ಮೈದಾನಕ್ಕೆ ಎಸೆದು ಕ್ಯಾಮೆರಾ ಎತ್ತಿ ನಿಲ್ಲಿಸಿದೆ. ಎರಡು ವಾರ ಮನೆಯಲ್ಲಿರು ಅಂದಿದ್ದಾರೆ. ದೊಡ್ಡವರು ಸೇರಿ ತೀರ್ಮಾನ ಮಾಡುತ್ತಾರಂತೆ. ಕೆಲಸ ಹೋಗುವುದಿಲ್ಲ, ನೋಡುತ್ತಿರು. ನನ್ನಂಥವನು ಅವರಿಗೆ ಇನ್ನೊಬ್ಬ ಸಿಗುವುದಿಲ್ಲ. ಅದೂ ಅಲ್ಲದೆ, ಐವತ್ಮೂರನೇ ವಯಸ್ಸಿಗೆ ಆ ಕ್ಯಾಚ್! ನೀನು ನೋಡಬೇಕಿತ್ತು.

ಫಿಂಟನ್

*

ಬ್ಯಾಲಿಮೋರನ್
೧೩ ಜುಲೈ ೨೦೧೭

ಫಿಂಟನ್,

ನೋಡಿದೆ.

ಇನ್ನು ಬರೆಯುವುದಿಲ್ಲ ಅಂದಿದ್ದೆ, ಆದರೂ ಬರೆಯುತ್ತಿದ್ದೇನೆ. ಭಾನುವಾರ ನಾನೂ ಡಿಂಪ್ನಾನೂ ಟೀವಿ ಮುಂದೆ ತಟ್ಟೆ ಇಟ್ಟುಕೊಂಡು ಕೂತಿದ್ದೆವು. ಮೋಡ ಬಂದಾಗ ಟೀವಿ ಕೆಟ್ಟಿತು ಅಂದುಕೊಂಡು ಅದರ ತಲೆಗೊಂದು ಕೊಟ್ಟೆ. ಆಮೇಲೆ ಇನ್ನೊಂದು ಕ್ಯಾಮೆರಾದವರು ನಿನ್ನನ್ನು ತೋರಿಸಿದರು. ಡಿಂಪ್ನಾ ಕೈಯಲ್ಲಿದ್ದ ಮುಳ್ಳುಚಮಚ ಕೆಳಗೆ ಹಾಕಿ, "ಅಯ್ಯೋ, ನಮ್ಮ ಫಿಂಟು! ಎಷ್ಟು ದಪ್ಪ ಆಗಿದ್ದಾನೆ!" ಅಂದಳು. ನಾನೂ ನಕ್ಕೆ. ನಿನ್ನ ವಿಷಯಕ್ಕೆ ನಕ್ಕು ಬಹಳ ವರ್ಷವಾಗಿತ್ತು.

ಅದನ್ನೇ ಅವರು ನಿಧಾನವಾಗಿ ತೋರಿಸಿದರು, ಮೂರು ಸಲ. ಮೂರನೇ ಸಲಕ್ಕೆ ನನ್ನ ನಗು ನಿಂತಿತು. ನಮ್ಮ ಟೀವಿ ಪೆಟ್ಟಿಗೆಯಲ್ಲಿ ಹಿಂದಕ್ಕೆ ಓಡಿಸಿ ನೋಡುವ ಸೌಲಭ್ಯ ಇದೆ. ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ. ಡಿಂಪ್ನಾಳನ್ನೂ ಕರೆದು ತೋರಿಸಿದೆ.

"ಏನು ಕಾಣುತ್ತೆ ಹೇಳು."

"ಕೈ ಚೆನ್ನಾಗಿಟ್ಟಿದ್ದಾನೆ."

"ಕೈ ಅಲ್ಲ, ಮುಖ ನೋಡು."

ಅವಳು ಟೀವಿಗೆ ಮೂಗು ತಾಗಿಸಿಕೊಂಡು ನೋಡಿದಳು. "ಅರೆ, ಕಣ್ಣು ಮುಚ್ಕೊಂಡಿದ್ದಾನಲ್ರೀ" ಅಂದಳು.

ಹೌದು, ಫಿಂಟನ್. ಚೆಂಡು ಕೈಗೆ ಬರುವ ಒಂದು ಗಳಿಗೆ ಮುಂಚೆ ನೀನು ಎರಡೂ ಕಣ್ಣು ಬಿಗಿಯಾಗಿ ಮುಚ್ಚುತ್ತೀಯ. ಚೆಂಡು ಕೈಯಲ್ಲಿ ನಿಂತ ಮೇಲೆ ತೆರೆಯುತ್ತೀಯ. ನಿನ್ನ ಪಕ್ಕದಲ್ಲಿ ಮೊದಲನೇ ಸ್ಲಿಪ್‌ನಲ್ಲಿ ಒಂಬತ್ತು ವರ್ಷ ನಿಂತವನು ನಾನು. ನಿನ್ನ ಕೆಮ್ಮು ಗೊತ್ತು, ನೀನು ಮನಸ್ಸಿನಲ್ಲೇ ಬೈಯುವ ಬೈಗುಳ ಗೊತ್ತು. ಇದು ಮಾತ್ರ ಗೊತ್ತಿರಲಿಲ್ಲ, ಯಾಕೆಂದರೆ ಸ್ಲಿಪ್‌ನಲ್ಲಿ ನಿಂತವರು ಒಬ್ಬರ ಮುಖ ಒಬ್ಬರು ನೋಡುವುದಿಲ್ಲ, ಇಬ್ಬರೂ ಬ್ಯಾಟನ್ನೇ ನೋಡುತ್ತಿರುತ್ತೇವೆ.

ಇಪ್ಪತ್ತೊಂಬತ್ತು ವರ್ಷ ನಿನ್ನನ್ನು ಸುಳ್ಳುಗಾರ ಅಂದುಕೊಂಡಿದ್ದೆ. ಎರಡು ದಿನ ಗಾಜಿನಮನೆಯಲ್ಲಿ ಟೊಮೇಟೊ ಗಿಡ ಕಟ್ಟುತ್ತಾ ಅದನ್ನೇ ಯೋಚಿಸಿದೆ. ಮಾರ್ಚ್‌ನಲ್ಲಿ ನಾನು ಕೇಳಿದ ಪ್ರಶ್ನೆಯೇ ತಪ್ಪು. ಈಗ ಸರಿಯಾದದ್ದು ಕೇಳುತ್ತೇನೆ.

ಅವತ್ತು ನೀನು ನೋಡಿದೆಯಾ?

ಮ್ಯಾಲಕಿ

*

ಡ್ರಮ್‌ಕಾಂಡ್ರ
೨೪ ಜುಲೈ ೨೦೧೭

ಮ್ಯಾಲಕಿ,

ಇಲ್ಲ. ನೋಡಲಿಲ್ಲ.

ಈ ಎರಡು ಪದ ಬರೆಯಲು ಹತ್ತು ದಿನ ಹಿಡಿಯಿತು. ಈಗ ಬರೆದಾಯಿತು, ಉಳಿದದ್ದು ಸರಾಗವಾಗಿ ಬರುತ್ತದೆ.

ನಿನ್ನ ಕಾಗದ ಬಂದ ದಿನ ಕನ್ನಡಿಯ ಮುಂದೆ ನಿಂತು, ಎದುರುಗಡೆ ಮನೆಯವನ ಕೈಲಿ ಟೆನಿಸ್ ಚೆಂಡು ಎಸೆಸಿಕೊಂಡು ನೋಡಿದೆ. "ಕಣ್ಣು ಮುಚ್ತಿದ್ದೀನಾ?" ಅಂತ ಕೇಳಿದರೆ, "ಪ್ರತೀ ಸಲ" ಅಂದ ಅವನು. ಮ್ಯಾಲಕಿ, ನಾನು ಕಣ್ಣಿನ ಮೇಲೆ ಬದುಕಿದವನು. ಐರ್ಲೆಂಡಿನಲ್ಲಿ ಚೆಂಡನ್ನು ನನಗಿಂತ ಚೆನ್ನಾಗಿ ನೋಡುವವರು ಯಾರೂ ಇಲ್ಲ ಅಂತ ಹೇಳಿಕೊಂಡು ತಿರುಗಿದವನು. ಅದು ಈಗಲೂ ನಿಜವೇ, ಆ ಕೊನೆಯ ಒಂದು ಗಳಿಗೆ ಬಿಟ್ಟರೆ.

ಕಣ್ಣು ಮುಚ್ಚುತ್ತೇನೆ ಅನ್ನುವುದು ನನಗೆ ಗೊತ್ತಿರಲಿಲ್ಲ. ಆದರೆ ಅದರ ಹಿಂದೆ ಅಡಗಿಕೊಳ್ಳುವುದಿಲ್ಲ. ಎಂಬತ್ತೆಂಟರಲ್ಲಿ ನೀನು ತಿರುಗಿ "ಹಿಡಿದ್ಯಾ, ಫಿಂಟ್?" ಅಂದಾಗ, ನನಗೆ ಗೊತ್ತಿಲ್ಲ ಅನ್ನುವುದು ಮಾತ್ರ ನನಗೆ ಗೊತ್ತಿತ್ತು. ಕೈಗೆ ಏನೋ ಬಡಿಯಿತು, ತೆರೆದು ನೋಡಿದರೆ ಚೆಂಡು ಅಂಗೈಯಲ್ಲಿತ್ತು, ನಡುವೆ ಏನಾಯಿತೋ ತಿಳಿಯದು. ಆಯ್ಕೆಗಾರರು ಮರದ ಕೆಳಗೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಬೌಲರ್ ಆಗಲೇ ಕುಣಿಯುತ್ತಿದ್ದ. "ಗೊತ್ತಿಲ್ಲ" ಅನ್ನುವುದಕ್ಕೆ ಒಂದು ಉಸಿರಿನಷ್ಟು ಧೈರ್ಯ ಬೇಕಿತ್ತು, ಅದು ನನ್ನಲ್ಲಿರಲಿಲ್ಲ. "ಹಿಡ್ದೆ" ಅಂದೆ. ನೀನು ನಡೆದುಬಿಟ್ಟೆ. ನಾನು ತಂಡಕ್ಕೆ ಬಂದೆ, ನಿನಗೆ ಮತ್ತೆ ಯಾವತ್ತೂ ಕರೆ ಬರಲಿಲ್ಲ. ಸಂಜೆ ನಿನ್ನ ಕೋಸಿನ ವ್ಯಾನಿನಲ್ಲೇ ಹದಿನೇಳು ಮೈಲಿ ಮನೆಗೆ ಬಂದೆವು. ನೀನು ನನ್ನನ್ನು ಬಾಗಿಲವರೆಗೂ ಬಿಟ್ಟು ಹೋದೆ.

ಆಮೇಲಿನದು ಇನ್ನೂ ಕೆಟ್ಟದ್ದು. ಮೂರು ವಾರದ ಮೇಲೆ ಪಬ್‌ನಲ್ಲಿ ನೀನು ಮೆಲ್ಲಗೆ, ಯಾರಿಗೂ ಕೇಳದ ಹಾಗೆ, ಮತ್ತೆ ಕೇಳಿದೆ. ನಾನು ಎಲ್ಲರಿಗೂ ಕೇಳುವ ಹಾಗೆ "ಹೊಟ್ಟೆಕಿಚ್ಚು ಕಣೋ ನಿಂಗೆ" ಅಂದೆ. ಕ್ಯಾಚಿಗಿಂತ ಆ ಮಾತು ನನ್ನನ್ನು ಹೆಚ್ಚು ಸುಟ್ಟಿದೆ. ನಿನಗೆ ಹೊಟ್ಟೆಕಿಚ್ಚು ಇರಲಿಲ್ಲ. ಭುಜ ನೋಡಬೇಕು ಅಂತ ಕಲಿಸಿಕೊಟ್ಟವನಿಗೆ ಹೊಟ್ಟೆಕಿಚ್ಚು ಎಲ್ಲಿಂದ ಬರಬೇಕು? ನನಗೆ ನಾಚಿಕೆಯಾಗುತ್ತದೆ. ಕ್ಷಮಿಸು ಅಂತ ಕೇಳುತ್ತಿದ್ದೇನೆ, ಕ್ಷಮಿಸಲೇಬೇಕು ಅಂತೇನೂ ಅಲ್ಲ.

ಆದರೆ ಒಂದು ಮಾತು ಈಗ ಪೂರಾ ಕಣ್ಣು ಬಿಟ್ಟುಕೊಂಡು ಹೇಳುತ್ತೇನೆ, ಇದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ಹಿಡಿದವನಿಗೆ ಗೊತ್ತಿಲ್ಲದಿದ್ದರೆ ಬ್ಯಾಟ್ಸ್‌ಮನ್ ಹೋಗುವ ಹಾಗಿಲ್ಲ. ಅವತ್ತಿನ ನಿಯಮವೂ ಅದೇ, ಇವತ್ತಿನದೂ ಅದೇ. ನೀನು ಔಟಾಗಿರಲಿಲ್ಲ, ಮ್ಯಾಲಕಿ. ಆಗಸ್ಟ್‌ನಲ್ಲಿ ಕಮಿಟಿಯವರು ಕರೆದರೆ ಬರ್ನಿ ಗ್ರೈಮ್ಸ್‌ನ ಮುಂದೆ, ಊರಿನವರೆಲ್ಲರ ಮುಂದೆ ನಿಂತು ಇದನ್ನೇ ಹೇಳುತ್ತೇನೆ. ಕರೆಯದಿದ್ದರೆ ಈ ಕಾಗದವನ್ನು ಫೋಟೋ ಪಕ್ಕದಲ್ಲಿ ಅಂಟಿಸು. ಫೋಟೋ ತೆಗೆದುಹಾಕಿದರೂ ಸರಿ, ಮೊಳೆ ನಿನ್ನದು.

ಕೆಲಸ ಉಳಿಯಿತು, ಹೇಳಿದ್ದೆನಲ್ಲ. ಆ ಕ್ಯಾಚನ್ನು ಯಾರ್ಯಾರೋ ಫೋನಿನಲ್ಲಿ ನೋಡಿ ನೋಡಿ ಕಳಿಸುತ್ತಿದ್ದಾರಂತೆ, ದೊಡ್ಡವರಿಗೆ ಖುಷಿಯಾಗಿದೆ. ಸೈವ್ ಮಾತ್ರ ನನ್ನ ಕ್ಯಾಮೆರಾಗೆ ಒಂದು ಚೀಟಿ ಅಂಟಿಸಿದ್ದಾಳೆ: "ಇವನು ಆಡುತ್ತಿಲ್ಲ."

ನಿನ್ನ
ಫಿಂಟ್

*

ಬ್ಯಾಲಿಮೋರನ್
೨ ಆಗಸ್ಟ್ ೨೦೧೭

ಪ್ರೀತಿಯ ಫಿಂಟ್,

ಕಾಗದ ಬಂತು. ಗಾಜಿನಮನೆಯಲ್ಲಿ ಒಬ್ಬನೇ ಓದಿದೆ. ಆಮೇಲೆ ಅಡುಗೆಮನೆಗೆ ತಂದು ಡಿಂಪ್ನಾಗೆ ಗಟ್ಟಿಯಾಗಿ ಓದಿ ಹೇಳಿದೆ. ಅವಳು ಮೇಲೆ ಹೋಗಿ ಎಂಬತ್ತೆಂಟರ ಸ್ಕೋರ್ ಪುಸ್ತಕ ತಂದಳು. ಉಳಿದದ್ದನ್ನು ಅವಳೇ ಬರೆಯುತ್ತಾಳಂತೆ, ಪೆನ್ನು ಕಿತ್ತುಕೊಂಡಿದ್ದಾಳೆ.

ಫಿಂಟು, ನಾನು ಡಿಂಪ್ನಾ. ಆಗ ಇವರಿಗೂ ನನಗೂ ಮದುವೆ ಗೊತ್ತಾಗಿತ್ತಷ್ಟೇ. ಇವರ ಆಟ ನೋಡಬೇಕು ಅಂತ ಆಯ್ಕೆ ಪಂದ್ಯಕ್ಕೆ ನಮ್ಮದೇ ಪುಸ್ತಕ ತಗೊಂಡು ಹೋಗಿದ್ದೆ. ಆ ಪುಟದಲ್ಲಿ ಎಲ್ಲವನ್ನೂ ಶಾಯಿಯಲ್ಲಿ ಬರೆದಿದ್ದೇನೆ. ಇವರು ಔಟಾದದ್ದನ್ನು ಮಾತ್ರ ಪೆನ್ಸಿಲ್‌ನಲ್ಲಿ ಬರೆದೆ. ನೀನು "ಹಿಡ್ದೆ" ಅಂದದ್ದು ನನಗೂ ಕೇಳಿಸಿತ್ತು. ನಿನ್ನ ದನಿ ಸರಿಯಾಗಿರಲಿಲ್ಲ ಕಣಪ್ಪ. ಇವರಿಗೆ ಹೇಳಿದರೆ ಜಗಳ ದೊಡ್ಡದಾಗುತ್ತೆ ಅಂತ ಸುಮ್ಮನಿದ್ದೆ. ಅಷ್ಟು ವರ್ಷ ಸುಮ್ಮನಿರಬಾರದಿತ್ತು. ಈಗ ಅಳಿಸಿದ್ದೇನೆ. ಹಳೆಯ ಕಾಗದ, ಸ್ವಲ್ಪ ಹರಿಯಿತು.

ಮತ್ತೆ ನಾನು, ಮ್ಯಾಲಕಿ. ಅವಳು ಪೆನ್ಸಿಲ್‌ನಲ್ಲಿ ಬರೆದದ್ದು ನನಗೂ ಇವತ್ತೇ ಗೊತ್ತಾದದ್ದು. ಈ ಮನೆಯಲ್ಲಿ ಎಲ್ಲರೂ ಸುಮ್ಮನಿರುವುದರಲ್ಲಿ ಗಟ್ಟಿಗರು.

ಕ್ಷಮೆಯ ವಿಷಯ. ಸುಳ್ಳು ಹೇಳಿದ್ದರೆ ಕ್ಷಮಿಸುವುದು ಸುಲಭವಿತ್ತು ಅಂತ ಮೊದಲು ಅನ್ನಿಸಿತು. ಆಮೇಲೆ ನೆನಪಾಯಿತು, ನಾನೂ ಅವತ್ತು ಹಿಂತಿರುಗಿ ಚೆಂಡು ನೋಡಿರಲಿಲ್ಲ. ನಿನ್ನ ಮುಖ ನೋಡಿದ್ದೆ. ನೀನು ಹೇಳಿದರೆ ಸರಿ ಅಂತ ನಡೆದೆ, ಯಾಕೆಂದರೆ ಆ ಮೈದಾನದಲ್ಲಿ ನಾನು ನಂಬುತ್ತಿದ್ದವನು ನೀನೊಬ್ಬನೇ. ನೋವಾದದ್ದು ಅದಕ್ಕೆ, ರನ್ನಿಗಲ್ಲ. ಇದನ್ನು ಬರೆದ ಮೇಲೆ ಹಗುರಾಗಿದೆ. ಪಬ್‌ನ ಮಾತಿಗೆ ಒಂದು ಲೋಟ ಕುಡಿಸು, ಸಾಕು.

ಫೋಟೋ ತೆಗೆಯುವುದಿಲ್ಲ. ಕೆಟಲಿನ ಹಬೆಗೆ ಆಗಲೇ ಮುಖ ಸುಕ್ಕುಗಟ್ಟಿದೆ, ಈಗ ನಿನ್ನ ಹಾಗೇ ಕಾಣುತ್ತೀಯ. ಊರಿನವರ ಮುಂದೆ ಭಾಷಣವೂ ಬೇಡ. ನೀನು ಭಾಷಣ ಶುರುಮಾಡಿದರೆ ಟೀ ತಣ್ಣಗಾಗುತ್ತದೆ.

ಶನಿವಾರ ಹನ್ನೆರಡನೇ ತಾರೀಕು ಹಳಬರ ಪಂದ್ಯ ಇಟ್ಟಿದ್ದೇವೆ, ಮಧ್ಯಾಹ್ನ ಒಂದು ಗಂಟೆಗೆ. ಕ್ಯಾಮೆರಾ ತರಬೇಡ. ಬಿಳಿ ಬಟ್ಟೆ ತಾ, ಹಿಡಿಸದಿದ್ದರೆ ಬರ್ನಿಯದು ಕೊಡಿಸುತ್ತೇನೆ. ನೀನೂ ನಾನೂ ಬೇರೆ ಬೇರೆ ತಂಡದಲ್ಲಿರಬೇಕು ಅಂತ ನಾನೇ ಹಟ ಹಿಡಿದು ಬರೆಸಿದ್ದೇನೆ. ಎರಡನೇ ಸ್ಲಿಪ್‌ನಲ್ಲಿ ನೀನು ನಿಲ್ಲಬೇಕು. ಅಂಚು ತಾಗಿದರೆ ಹಿಡಿ. ಹಿಡಿದರೆ ನಾನು ತಿರುಗಿ ಕೇಳುತ್ತೇನೆ, ನೀನು ಏನು ಹೇಳುತ್ತೀಯೋ ಅದರಂತೆ ನಡೆಯುತ್ತೇನೆ.

ಬ್ಯಾಟಿಂಗ್ ನಾನೇ ಶುರುಮಾಡುವುದು. ಡಿಂಪ್ನಾ ಹೊಸ ಪುಟದಲ್ಲಿ ನನ್ನ ಹೆಸರು ಬರೆದು, ಅದರ ಮುಂದೆ ಆಗಲೇ ನಲವತ್ತೊಂದು ಅಂತ ಹಾಕಿದ್ದಾಳೆ, ಶಾಯಿಯಲ್ಲಿ.

ನಿನ್ನ
ಮ್ಯಾಲಕಿ